ಪದ್ಮಿನಿಯ ಜಾತಕ

ಹಳೆಯ ಕಾರೇ ಹೊಸ ಚಿನ್ನವೆಂದು ಸುರೇಶನಿಗೆ ಯಾರು ಹೇಳಿಕೊಟ್ಟರೋ ತಿಳಿಯದು. ಶೀನಣ್ಣನ ಮನೆಯ ಕಾಫಿ ಮುಗಿಯುವಷ್ಟರಲ್ಲಿ ಅವನು ಅಲ್ಲೇ ನೆರಳಿನಲ್ಲಿ ನಿಂತಿದ್ದ 1982ರ ಪ್ರೀಮಿಯರ್ ಪದ್ಮಿನಿಯನ್ನು ‘ಹೂಡಿಕೆ’ ಎಂದು ಮೂರು ಸಲ ಕರೆದಿದ್ದನು. ಮೂರನೆಯ ಸಲಕ್ಕೆ ರಾಯರು ಲೋಟ ಕೆಳಗಿಟ್ಟರು.

“ನೋಡಪ್ಪ, ನಾನು ವಿಮೆ ಸರ್ವೇಯರನಾಗಿ ಬದುಕೆಲ್ಲ ಕಾರುಗಳ ಬೆಲೆ ಇಳಿಸಿ ಅನ್ನ ತಿಂದವನು. ಮೊದಲ ಆರು ತಿಂಗಳಿಗೆ ಶೇಕಡ 5, ವರ್ಷ ತುಂಬುವಾಗ 15, ಐದನೆಯ ವರ್ಷ ಮುಗಿಯುವ ಹೊತ್ತಿಗೆ 50 ಕಳೆಯಬೇಕು. ಐದು ವರ್ಷ ದಾಟಿದ ಕಾರಿನ ಬೆಲೆಯನ್ನು ಮಾತ್ರ ಕಂಪನಿಯೂ ಮಾಲೀಕನೂ ಮಾತಾಡಿಕೊಂಡು ತೀರ್ಮಾನಿಸಬೇಕೆಂದು ನಿಯಮವಿದೆ. ನಿನ್ನ ಹೂಡಿಕೆಯೆಲ್ಲ ಆ ಮಾತಾಡಿಕೊಳ್ಳುವ ಭಾಗದಲ್ಲೇ ನಡೆಯುತ್ತಿದೆ.”

“1962ರಲ್ಲಿ ಸುಮಾರು 18,000 ಡಾಲರಿಗೆ ಸಿಗುತ್ತಿದ್ದ ಫೆರಾರಿ 250 ಜಿಟಿಒ, 2018ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ನಿಮ್ಮ ಪಟ್ಟಿಯಲ್ಲಿ ಅದಕ್ಕೆ ಯಾವ ಸಾಲು?” ಎಂದು ಸುರೇಶ ಕೇಳಿದನು.

“ಅದರ ಒಡಹುಟ್ಟನ್ನು ಒಬ್ಬ ಪುಣ್ಯಾತ್ಮರು ಟೆಕ್ಸಸ್ಸಿನ ವಿಕ್ಟೋರಿಯಾ ಎಂಬ ಊರಿನ ಹೈಸ್ಕೂಲಿಗೆ, ಹುಡುಗರು ಮೆಕ್ಯಾನಿಕ್ ಕೆಲಸ ಕಲಿಯಲೆಂದು ದಾನ ಕೊಟ್ಟಿದ್ದರು. 1972ರಲ್ಲಿ ಶಾಲೆಯವರು ಅದನ್ನು 6,500 ಡಾಲರಿಗೆ ಮಾರಿದರು. ಆಗಲೂ ಅದು ತಯಾರಾದ ಮೂವತ್ತಾರರಲ್ಲಿ ಒಂದು, ಆಗಲೂ ಅದೇ ಹನ್ನೆರಡು ಸಿಲಿಂಡರಿನ ಎಂಜಿನ್ನು. ಹೊಸ ಕಾರುಗಳೆದುರು ಗೆಲ್ಲಲಾರದ, ಪೇಟೆಯಲ್ಲಿ ಓಡಿಸಿದರೆ ಕಿವಿ ಒಡೆಯುವ ಹಳೆಯ ರೇಸ್ ಕಾರಿಗೆ ಆ ಕಾಲದಲ್ಲಿ ಉದ್ಯೋಗವಿರಲಿಲ್ಲ, ಅಷ್ಟೇ. ಆಮೇಲೆ ಶ್ರೀಮಂತರು ಹಳೆಯ ಕಾರುಗಳಿಗೆಂದೇ ಓಟಗಳನ್ನು ಏರ್ಪಡಿಸಿಕೊಂಡರು. ಇಟಲಿಯ ಮಿಲೆ ಮಿಲ್ಯಾದಲ್ಲಿ ಇಂದು ಓಡಬೇಕಾದರೆ, 1927ರಿಂದ 1957ರವರೆಗೆ ನಡೆದ ಮೂಲ ಸ್ಪರ್ಧೆಗಳಿಗೆ ಬಂದಿದ್ದ ಮಾದರಿಯ ಕಾರೇ ಆಗಬೇಕು. ಅಂಥ ಕಾರು ಕೊಂಡವನು ಅರ್ಧ ದುಡ್ಡನ್ನು ಕೊಡುವುದು ಪ್ರವೇಶದ ಚೀಟಿಗೆ.”

ಶೀನಣ್ಣ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡನು. “ನಮ್ಮ ಪದ್ಮಿನಿಯ ಮೂಲ ಫಿಯೆಟ್ 1100. ಅದು ಮಿಲೆ ಮಿಲ್ಯಾದಲ್ಲಿ ಓಡಿತ್ತೆಂದು ಓದಿದ ನೆನಪು.”

“ಓಡಿತ್ತು. ಆದರೆ ಅಜ್ಜ ಓಡಿದ್ದಕ್ಕೆ ಮೊಮ್ಮಗಳಿಗೆ ಪಾಸು ಕೊಡುವುದಿಲ್ಲ.”

ವಕೀಲ ವಾಸು ಅಲ್ಲಿಯವರೆಗೆ ಚಕ್ಕುಲಿಯಲ್ಲಿ ಮಗ್ನನಾಗಿದ್ದನು. ಬೆಲೆಯನ್ನು ನಿರ್ಧರಿಸುವುದು ದಾಖಲೆಯೆಂದೂ, ಕಾರ್ಖಾನೆಯಿಂದ ಹೊರಟಾಗಿನ ಚಾಸಿ ಮತ್ತು ಎಂಜಿನ್ ನಂಬರುಗಳು ಇಂದಿಗೂ ಜೊತೆಯಾಗಿರಬೇಕೆಂದೂ, ಯಾರಿಂದ ಯಾರಿಗೆ ಕೈ ಬದಲಾಯಿತೆಂಬುದಕ್ಕೆ ಒಂದು ಕೊಂಡಿಯೂ ತಪ್ಪದ ಕಾಗದವಿರಬೇಕೆಂದೂ ಅವನು ವಿವರಿಸಿದನು.

“ಹಾಗೆನ್ನು, ಇದು ಜಾತಕ ಕೂಡಿಸುವ ವ್ಯವಹಾರ,” ಎಂದರು ರಾಯರು. “ಚಾಸಿ ನಂಬರು ಗೋತ್ರ, ಎಂಜಿನ್ ನಂಬರು ನಕ್ಷತ್ರ. ಶೀನ, ನಿನ್ನ ಹುಡುಗಿಯ ನಕ್ಷತ್ರ ಸರಿಯಿದೆಯೇ?”

“ಎಂಜಿನ್ನು ಒಮ್ಮೆ ಬದಲಾಗಿದೆ.”

“ಆರ್.ಸಿ. ಪುಸ್ತಕದಲ್ಲಿ ಬರೆಸಿದ್ದೀಯಾ?”

ಶೀನಣ್ಣ ಎದುರುಮನೆಯ ತೆಂಗಿನ ಮರವನ್ನು ಬಹಳ ಹೊತ್ತು ನೋಡಿದನು.

ಅವನ ಕಷ್ಟ ನೋಡಲಾರದೆ ವಾಸು 1990ರಲ್ಲಿ ಲಂಡನ್ನಿನ ಹೈಕೋರ್ಟಿಗೆ ಹೋದ ಒಂದು ವ್ಯಾಜ್ಯವನ್ನು ಹೇಳಿದನು. ಫ್ರಾನ್ಸಿನಲ್ಲಿ ನಡೆಯುವ ಲೆ ಮಾನ್ಸ್ ಕಾರ್ ರೇಸನ್ನು 1929 ಮತ್ತು 1930ರಲ್ಲಿ ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ, ಮುಂದೆ ಎಂಜಿನ್ನು, ಚೌಕಟ್ಟು, ಮೈಗೂಡುಗಳನ್ನೆಲ್ಲ ಒಂದೊಂದಾಗಿ ಬದಲಿಸಿಕೊಂಡು, 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಚಾಲಕನ ಪ್ರಾಣ ತೆಗೆದ ಅಪಘಾತಕ್ಕೂ ಸಿಕ್ಕು, ಮತ್ತೆ ಕಟ್ಟಿಸಿಕೊಂಡು ಉಳಿದಿತ್ತು. ಅದಕ್ಕೆ 1 ಕೋಟಿ ಪೌಂಡ್ ಕೊಡಲು ಒಪ್ಪಿದ್ದವರು, ಇದು ಆ ಕಾರೇ ಅಲ್ಲವೆಂದು ತಕರಾರು ತೆಗೆದರು. ಅಂದು ಗೆದ್ದ ಲೋಹ ಇದರಲ್ಲಿ ಹೆಚ್ಚಾಗಿ ಉಳಿದಿಲ್ಲವಾದರೂ ಇದರ ಚರಿತ್ರೆ ಎಲ್ಲಿಯೂ ತುಂಡಾಗಿಲ್ಲ, ಆ ಹೆಸರಿಗೆ ಬೇರೆ ಹಕ್ಕುದಾರನೂ ಇಲ್ಲ, ಆದ್ದರಿಂದ ಇದೇ ಅದು ಎಂದು ನ್ಯಾಯಾಧೀಶರು ತೀರ್ಪು ಕೊಟ್ಟರು.

“ನಮ್ಮ ಪದ್ಮಿನಿಯ ಚರಿತ್ರೆಯೂ ತುಂಡಾಗಿಲ್ಲ,” ಎಂದು ಶೀನಣ್ಣ ಚೇತರಿಸಿಕೊಂಡನು.

“ಲೆ ಮಾನ್ಸ್ ಗೆದ್ದಿದೆಯೇ?”

“ಚಿಕ್ಕಮಗಳೂರಿಗೆ ಹೋಗಿ ಬಂದಿದೆ.”

ಸುರೇಶ ಸೋಲೊಪ್ಪುವವನಲ್ಲ. ಫ್ರಾನ್ಸಿನ ಹಳ್ಳಿಯೊಂದರ ಕೊಟ್ಟಿಗೆಯಲ್ಲಿ, ಹಳೆಯ ಪತ್ರಿಕೆಗಳ ರಾಶಿಯ ಕೆಳಗೆ ದಶಕಗಟ್ಟಲೆ ಬಿದ್ದಿದ್ದ ಫೆರಾರಿ ಕ್ಯಾಲಿಫೋರ್ನಿಯಾ ಸ್ಪೈಡರ್ 2015ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 1 ಕೋಟಿ 63 ಲಕ್ಷ ಯೂರೋ ತಂದಿತೆಂದೂ, ಧೂಳನ್ನು ಒರೆಸದೆ ಹಾಗೆಯೇ ಪ್ರದರ್ಶನಕ್ಕಿಟ್ಟಿದ್ದರೆಂದೂ, ಆದ್ದರಿಂದ ಶೀನಣ್ಣ ಇಂದಿನಿಂದಲೇ ಕಾರು ತೊಳೆಯುವುದನ್ನು ನಿಲ್ಲಿಸಬೇಕೆಂದೂ ಅವನು ಅಪ್ಪಣೆ ಕೊಡಿಸಿದನು.

“ಅದರಲ್ಲೊಂದು ನ್ಯಾಯವಿದೆ,” ಎಂದರು ರಾಯರು. “ಹೊಸ ಬಣ್ಣವನ್ನು ದುಡ್ಡಿದ್ದವರು ಯಾರು ಬೇಕಾದರೂ ಬಳಿಸಬಹುದು, ಮೊದಲ ಬಣ್ಣವನ್ನು ಒಮ್ಮೆ ಕೆರೆದರೆ ಫೆರಾರಿಯವರೇ ಬಂದರೂ ಮರಳಿ ತರಲಾರರು. ಆದರೆ ಆ ಕಾರಿನಲ್ಲಿ ಒಂದು ಕಾಲಕ್ಕೆ ನಟ ಅಲೇನ್ ದೆಲೋನ್ ತಿರುಗಾಡಿದ್ದ. ನಟನ ಕಾರಿನ ಮೇಲಿನ ಧೂಳಿಗೆ ದರವಿದೆ. ಶೀನನ ಕಾರಿನ ಮೇಲಿರುವುದು ಮೆಟ್ರೋ ಕಾಮಗಾರಿಯದು.”

“ಕಡೆಗೆ ಬೆಲೆ ತರುವುದು ರೇಸಿನ ಗೆಲುವೇ,” ಎಂದು ಸುರೇಶ ಮತ್ತೊಂದು ದಾರಿ ಹಿಡಿದನು.

“ಎಲ್ಲಕ್ಕಿಂತ ಹೆಚ್ಚಿಗೆ ಹೋದದ್ದು ಯಾವುದು? ಮರ್ಸಿಡಿಸ್ 300 ಎಸ್‌ಎಲ್‌ಆರ್ ಊಲೆನ್‌ಹೌಟ್ ಕೂಪೆ ಎಂಬ ಸೂರಿರುವ ಕಾರು, 2022ರ ಮೇ ತಿಂಗಳಲ್ಲಿ, ಸ್ಟುಟ್‌ಗಾರ್ಟ್‌ನಲ್ಲಿ, 13 ಕೋಟಿ 50 ಲಕ್ಷ ಯೂರೋ. ಅದು ಒಂದು ಸ್ಪರ್ಧೆಯಲ್ಲೂ ಓಡಲಿಲ್ಲ! 1955ರ ಮಿಲೆ ಮಿಲ್ಯಾ ಗೆದ್ದದ್ದು ಸ್ಟರ್ಲಿಂಗ್ ಮಾಸ್ ಓಡಿಸಿದ, ಸೂರಿಲ್ಲದ 300 ಎಸ್‌ಎಲ್‌ಆರ್. ಆ ವರ್ಷವೇ ಲೆ ಮಾನ್ಸ್‌ನಲ್ಲಿ ಇನ್ನೊಂದು 300 ಎಸ್‌ಎಲ್‌ಆರ್ ಪ್ರೇಕ್ಷಕರ ಮೇಲೆ ಹಾರಿ ಬಿದ್ದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ವರ್ಷದ ಕೊನೆಗೆ ಕಂಪನಿ ರೇಸನ್ನೇ ಬಿಟ್ಟಿತು. ತಯಾರಾದ ಎರಡೇ ಎರಡು ಕೂಪೆಗಳಿಗೆ ಕೆಲಸವಿಲ್ಲದಂತಾಗಿ, ಅದನ್ನು ರೂಪಿಸಿದ ಎಂಜಿನಿಯರು ಊಲೆನ್‌ಹೌಟ್ ಒಂದನ್ನು ಆಫೀಸಿಗೆ ಓಡಾಡಲು ಇಟ್ಟುಕೊಂಡ. ಅವನಿಗೆ ಅದು ಡ್ಯೂಟಿ ಕಾರು. ಈಗ ಅದನ್ನು ಯಾರು ಆಫೀಸಿನ ಮುಂದೆ ಬಿಸಿಲಿಗೆ ನಿಲ್ಲಿಸಿಯಾರು?”

ರಾಯರು ಆರಿದ ಕಾಫಿಯನ್ನು ಕುಡಿದು ಮುಂದುವರಿಸಿದರು. “ಅಪರೂಪ, ದಾಖಲೆ, ಗೆಲುವು, ಇವೆಲ್ಲವೂ ಇರಲಿ. ಹರಾಜಿನಲ್ಲಿ ಬೆಲೆ ಏರಲು ಬಿಟ್ಟುಕೊಡದ ಇಬ್ಬರು ಬೇಕು. 1980ರ ದಶಕದ ಕೊನೆಗೆ ಎಂಜೊ ಫೆರಾರಿ ತೀರಿಕೊಂಡಾಗ, ಜಪಾನಿನ ದುಡ್ಡೂ ಸೇರಿ ಬೆಲೆ ಆಕಾಶಕ್ಕೇರಿತು. ನಾಲ್ಕೈದು ವರ್ಷದೊಳಗೆ ಅವೇ ಕಾರುಗಳು ನೆಲಕ್ಕೆ ಬಂದವು. ಹುಡುಗನಾಗಿದ್ದಾಗ ಗೋಡೆಗೆ ಅಂಟಿಸಿಕೊಂಡ ಕಾರನ್ನು ಮನುಷ್ಯ ಐವತ್ತು ದಾಟಿದ ಮೇಲೆ ಕೊಳ್ಳುತ್ತಾನೆ. ಆ ತಲೆಮಾರು ಹೋದರೆ ಕಾರು ಇರುತ್ತದೆ, ಬೆಲೆ ಇರುವುದಿಲ್ಲ. ಮಹಾಯುದ್ಧಕ್ಕೆ ಮೊದಲಿನ ಎಷ್ಟೋ ಒಳ್ಳೆಯ ಕಾರುಗಳಿಗೆ ಈಗ ಆ ಗತಿ ಬರುತ್ತಿದೆ.”

“ಅಪ್ಪ ಇದನ್ನು ಬುಕ್ ಮಾಡಿ ವರ್ಷಗಟ್ಟಲೆ ಕಾದಿದ್ದರು,” ಎಂದನು ಶೀನಣ್ಣ. “ಬರುವ ಮೊದಲೇ ಅಮ್ಮ ಸೀಟಿಗೆ ಕವರು ಹೊಲಿದಿಟ್ಟಿದ್ದಳು.”

“ಅಷ್ಟು ಬಯಸಿದ ಗಿರಾಕಿಗಳು ಇನ್ನು ಎಲ್ಲಿ ಸಿಗುತ್ತಾರಪ್ಪ,” ಎಂದು ರಾಯರು ದನಿ ತಗ್ಗಿಸಿದರು.

ಸುರೇಶ ಸಮಾಧಾನದ ಮಾತೆಂದು, ಐವತ್ತು ತುಂಬಿದ ವಾಹನಗಳಿಗೆ 2021ರ ನಿಯಮದಂತೆ 20,000 ರೂಪಾಯಿ ಕಟ್ಟಿ ‘ವಿಎ’ ಎಂಬ ಅಕ್ಷರಗಳಿರುವ ವಿಂಟೇಜ್ ನಂಬರು ಪಡೆಯಬಹುದು, ಆದರೆ ಆಮೇಲೆ ಅದನ್ನು ದಿನಬಳಕೆಗೆ ಓಡಿಸುವಂತಿಲ್ಲ ಎಂದನು.

“ಹಾಗಾದರೆ ತರಕಾರಿ ತರುವುದು ಹೇಗೆ?” ಎಂದು ಶೀನಣ್ಣ ಗಾಬರಿಯಾದನು. ತುಸು ಯೋಚಿಸಿ, “ಎಡ ಬಾಗಿಲಿನಲ್ಲಿ ಒಂದು ತಗ್ಗಿದೆ. ನೆಲಮಂಗಲದ ಹತ್ತಿರ ವಾಸು ಎತ್ತಿನಗಾಡಿಗೆ ಗುದ್ದಿದ್ದು. ಅದು ಸ್ಪರ್ಧೆಯ ಚರಿತ್ರೆಯೆನಿಸುವುದಿಲ್ಲವೇ?” ಎಂದು ಕೇಳಿದನು.

“ಗುದ್ದಿದವನು ರೇಸ್ ಚಾಂಪಿಯನ್ ಫಾಂಜಿಯೋ ಆಗಿದ್ದರೆ ತಗ್ಗಿಗೇ ಬೆಲೆ ಕಟ್ಟುತ್ತಿದ್ದರು. ವಾಸು ಆದ್ದರಿಂದ ಡೆಂಟಿಂಗ್, ಪೇಂಟಿಂಗ್ ಖರ್ಚು.”

“ಅಫಿಡವಿಟ್ಟು ನಾನೇ ಮಾಡಿಕೊಡುತ್ತೇನೆ, ಫೀಸು ಬೇಡ,” ಎಂದನು ವಾಸು. “ಆ ಸ್ಪರ್ಧೆಯಲ್ಲಿ ಗೆದ್ದವರು ಯಾರೆಂದು ಬರೆಯಲಿ?”

“ಎತ್ತಿನಗಾಡಿಯವನೆಂದೇ ಬರೆ,” ಎಂದರು ರಾಯರು. “ಅವನು ನಿಲ್ಲಿಸದೆ ಮುಂದೆ ಹೋದ, ನೀವು ಮೆಕ್ಯಾನಿಕ್ಕನ್ನು ಹುಡುಕುತ್ತ ಅಲ್ಲೇ ಉಳಿದಿರಿ.”