ಫುಟ್‌ಪಾತ್ ಮೇಲಿನ ಹಿಮ ಯಾರು ಗೋರಬೇಕು?

ಗುಂಪು: ಹಿತ್ತಲಮನೆ ಬಳಗ

ಸುಹಾಸ: 📷 (ಚಿತ್ರ)
ಬಾಸ್ಟನ್‌ನಲ್ಲಿ ನಮ್ಮ ಪಬ್ಲಿಕ್ ವರ್ಕ್ಸ್ ಇಲಾಖೆ ಏನೇನು ಮಾಡುತ್ತೆ ನೋಡಿ. ರಸ್ತೆ ಗುಂಡಿ, ಬೀದಿ ದೀಪ, ಕಸ, ಬೀದಿ ಗುಡಿಸೋದು, ಹಿಮ ತೆಗೆಯೋದು, ಸೇತುವೆ ಎಲ್ಲಾ ಒಂದೇ ಇಲಾಖೆ. 311ಕ್ಕೆ ಫೋನ್ ಮಾಡಿದ್ರೆ ಆಯ್ತು. ನಮ್ಮೂರಿಗೆ ಇದೆಲ್ಲ ಯಾವ ಕಾಲಕ್ಕೋ 🙏

ಸರೋಜತ್ತೆ: ತುಂಬಾ ಚೆನ್ನಾಗಿದೆ ಕಂದ. ಅಲ್ಲಿ ಜನಕ್ಕೂ ಶಿಸ್ತು.

ಪ್ರದೀಪ: ನಮ್ಮಲ್ಲೂ ಫೋನ್ ನಂಬರ್ ಇದೆ. ಎತ್ತೋರು ಬೇಕಷ್ಟೆ 😂

ನಾಗರಾಜ ಚಿಕ್ಕಪ್ಪ: ಪಟ್ಟಿ ನೋಡಿದೆ. ಹೆಚ್ಚುಕಮ್ಮಿ ಇದೇ ಕೆಲಸಗಳನ್ನ ನಮ್ಮ ಪಾಲಿಕೆಗಳ ಮೇಲೂ ಕಾನೂನು ಹೊರಿಸಿದೆ. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ ತೆಗೆದು ನೋಡು, ಕಡ್ಡಾಯ ಕರ್ತವ್ಯಗಳು ಅಂತಲೇ ಇದೆ. ರಸ್ತೆ, ಚರಂಡಿ, ದೀಪ, ಕಸ. ಹಿಮ ಮಾತ್ರ ಇಲ್ಲ.

ದೀಪ್ತಿ: ಅಪ್ಪಾ, ಕಾಯ್ದೆ ತಂದು ಗುಂಡಿಗೆ ತುಂಬೋಕಾಗುತ್ತಾ?

ಸುಹಾಸ: ದೀಪ್ತಿ 👏 ಅದೇ ನಾನು ಹೇಳ್ತಿರೋದು. ಇಲ್ಲಿ ಯಾರ ಹತ್ರ ಕೇಳಬೇಕು ಅನ್ನೋದು ಗೊತ್ತಿರುತ್ತೆ ಚಿಕ್ಕಪ್ಪ. ಒಂದೇ ಇಲಾಖೆ.

ವೀಣಾ: ಸುಹಾಸ್, ಹಿಮ ತೆಗೆಯೋದು ಅಂತ ಹಾಕಿದೀಯಲ್ಲ, ನಿಮ್ಮ ಮನೆ ಮುಂದಿನ ಫುಟ್‌ಪಾತ್‌ನ ಹಿಮವನ್ನೂ ಇಲಾಖೆಯೋರೇ ತೆಗೀತಾರಾ?

ಸುಹಾಸ: ಅದು ಮನೆ ಮಾಲೀಕರದ್ದು ಅತ್ತಿಗೆ. ರಸ್ತೆ ಮಾತ್ರ ಅವರದ್ದು.

ವೀಣಾ: ಮಾಡದಿದ್ರೆ?

ಸುಹಾಸ: ದಂಡ. ಹಿಮ ಬೀಳೋದು ನಿಂತ ಮೂರು ಗಂಟೆಯೊಳಗೆ ತೆಗೀಬೇಕು. ರಾತ್ರಿ ನಿಂತಿದ್ರೆ ಸೂರ್ಯ ಹುಟ್ಟಿದ ಮೇಲೆ ಮೂರು ಗಂಟೆ. ಗಾಲಿಕುರ್ಚಿ ಹೋಗೋ ಹಾಗೆ 42 ಇಂಚು ಅಗಲ ದಾರಿ ಬಿಡಿಸಬೇಕು.

ಸರೋಜತ್ತೆ: ಅಯ್ಯೋ, ಆ ಚಳೀಲಿ ನೀನೇ ಗೋರ್ತೀಯಾ? ಬೆನ್ನುನೋವು ಅಂತಿದ್ದೆ. ಕೆಲಸದೋರು ಯಾರೂ ಸಿಗಲ್ವಾ?

ಪ್ರದೀಪ: 2015ರಲ್ಲಿ ಅಲ್ಲಿ ಒಂದೇ ಚಳಿಗಾಲಕ್ಕೆ ಒಂಬತ್ತು ಅಡಿಗೂ ಮೀರಿ ಬಿದ್ದಿತ್ತು ಅತ್ತೆ. ಅದಕ್ಕೇ ನಾನು ವೀಸಾಗೆ ಅರ್ಜಿನೇ ಹಾಕಲಿಲ್ಲ.

ವೀಣಾ: ಹಾಕಿದ್ರು. ಬರಲಿಲ್ಲ.

ನಾಗರಾಜ ಚಿಕ್ಕಪ್ಪ: ಸುಹಾಸ, ಮನೆ ಮುಂದೆ ಒಳಚರಂಡಿ ಕಟ್ಟಿಕೊಂಡರೆ ಇದೇ ಇಲಾಖೆಯಾ?

ಸುಹಾಸ: ಅದು... ವಾಟರ್ ಅಂಡ್ ಸ್ಯೂವರ್ ಕಮಿಷನ್. ಬೇರೆ ಸಂಸ್ಥೆ. ಮನೆಯಿಂದ ಮುಖ್ಯ ಕೊಳವೆವರೆಗಿನ ಪೈಪು ನಮ್ಮದೇ ಖರ್ಚು.

ನಾಗರಾಜ ಚಿಕ್ಕಪ್ಪ: 1977ರಲ್ಲಿ ಆದ ಸಂಸ್ಥೆ ಅದು. ಬೆಂಗಳೂರಿನ ಜಲಮಂಡಳಿ 1964ರದ್ದು. ಒಡೆದು ಹಂಚೋದರಲ್ಲಿ ನಾವೇ ಮುಂದೆ 🙂 ಇನ್ನು ನದಿ ಪಕ್ಕದಲ್ಲಿ ನೀನು ದಿನಾ ಕಾರು ಓಡಿಸೋ ಸ್ಟಾರೋ ಡ್ರೈವ್ ರಾಜ್ಯ ಸರ್ಕಾರದ್ದು, ನಗರದ್ದಲ್ಲ.

ದೀಪ್ತಿ: ಅಪ್ಪ ಇಲಾಖೆ ಬಿಟ್ಟು ಎಷ್ಟೋ ವರ್ಷ ಆಯ್ತು. ಇಲಾಖೆ ಅಪ್ಪನ್ನ ಬಿಟ್ಟಿಲ್ಲ.

ಸುಹಾಸ: ಸರಿ ಚಿಕ್ಕಪ್ಪ, ಒಂದೇ ಇಲಾಖೆ ಅಂದಿದ್ದು ಬಿಡಿ. ಆದ್ರೆ ಇಲ್ಲಿ ರಸ್ತೆ ಹಾಳಾಗಿ ನಮಗೆ ನಷ್ಟ ಆದ್ರೆ ನಗರದ ಹತ್ರ ಪರಿಹಾರ ಕೇಳಬಹುದು. ಮ್ಯಾಸಚೂಸೆಟ್ಸ್ ಕಾನೂನಲ್ಲೇ ಇದೆ. 30 ದಿನದೊಳಗೆ ಬರೆದು ಕೊಡಬೇಕು, 5,000 ಡಾಲರ್ ಮಿತಿ. ಎಲ್ಲರಿಗೂ ಸಿಗಲ್ಲ, ಆದ್ರೂ ಕೇಳೋ ಹಕ್ಕಿದೆ. ನಿಮ್ಮಲ್ಲಿ?

ನಾಗರಾಜ ಚಿಕ್ಕಪ್ಪ: "ನಿಮ್ಮಲ್ಲಿ"? ನೀನು ಯಾವಾಗ ಬೇರೆಯವನಾದೆ?

ಸುಹಾಸ: ಮಾತಿಗೆ ಅಂದೆ 🙏

ದೀಪ್ತಿ: ನಮ್ಮಲ್ಲಿ ಸಕಾಲ ಇದೆ, ಸರ್ಕಾರಿ ಸೇವೆ ಇಂತಿಷ್ಟು ದಿನದಲ್ಲಿ ಕೊಡಬೇಕು ಅನ್ನೋ ಕಾಯ್ದೆ. ತಡ ಆದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಅದೂ ಪಟ್ಟಿಯಲ್ಲಿರೋ ಸೇವೆಗಳಿಗೆ ಮಾತ್ರ. ಬೆಂಗಳೂರಲ್ಲಂತೂ 2025ರ ಸೆಪ್ಟೆಂಬರಿಂದ ಒಂದಿದ್ದ ಪಾಲಿಕೆ ಐದಾಗಿದೆ. ನನ್ನ ಬೀದಿ ಯಾವುದಕ್ಕೆ ಸೇರುತ್ತೆ ಅಂತ ಮೊದಲು ಮ್ಯಾಪ್ ನೋಡಬೇಕು.

ಸರೋಜತ್ತೆ: ಪಿಡಬ್ಲ್ಯುಡಿಗೆ ಬರೆದರೆ ಆಗಲ್ವಾ ನಾಗಣ್ಣ?

ನಾಗರಾಜ ಚಿಕ್ಕಪ್ಪ: ಲೋಕೋಪಯೋಗಿಯೋರು ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ, ಸರ್ಕಾರಿ ಕಟ್ಟಡ ನೋಡ್ಕೊಳ್ಳೋರು. ನಿನ್ನ ಅಡ್ಡರಸ್ತೆ ಅವರದ್ದಲ್ಲ ಸರೋಜ. ಅರ್ಧ ಜನ ಇಲ್ಲೇ ದಾರಿ ತಪ್ಪೋದು.

ವೀಣಾ: ಮಾವ, ನಮ್ಮ ಬೀದೀದು ಕೇಳಿ. ಬೇಸಿಗೇಲಿ ಡಾಂಬರು ಹಾಕಿದ್ರು. ಹಳೇದನ್ನ ಕೆರೆಯಲಿಲ್ಲ, ಅದರ ಮೇಲೇ ಹಾಕಿದ್ರು. ಈಗ ರಸ್ತೆ ನಮ್ಮ ಗೇಟಿಗಿಂತ ಎತ್ತರ, ಮಳೆ ಬಂದ್ರೆ ನೀರೆಲ್ಲ ಅಂಗಳಕ್ಕೆ. ಅದು ಸಾಲದು ಅಂತ ಯಾವುದೋ ಕೇಬಲ್‌ನೋರು ಬಂದು ಉದ್ದಕ್ಕೂ ಅಗೆದು ಮಣ್ಣು ಮುಚ್ಚಿ ಹೋದ್ರು. ಎರಡು ಮಳೆಗೆ ಕುಸಿದು ಕಾಲುವೆ ಆಗಿದೆ. ಎದುರು ಮನೆಯೋರ ಹುಡುಗಿ ಸ್ಕೂಟಿಯಿಂದ ಬಿದ್ದಳು. ನಾವೂ ಏಪ್ರಿಲ್‌ನಲ್ಲೇ ತೆರಿಗೆ ಕಟ್ತೀವಿ.

ಸುಹಾಸ: ಇದೇ!! ಇದಕ್ಕೇನಂತೀರಾ ಚಿಕ್ಕಪ್ಪ? ಇನ್ನೂ ಇಲಾಖೆ ಪರ ಮಾತಾಡ್ತೀರಾ?

ನಾಗರಾಜ ಚಿಕ್ಕಪ್ಪ: ನಾನು ಇಲಾಖೆ ಪರ ಅಲ್ಲಪ್ಪ. ಪಟ್ಟಿ ನೋಡಿ ಮರುಳಾಗಬೇಡಿ ಅಂತಿದೀನಿ. ಪಟ್ಟಿಯಲ್ಲಿ "ಗುಂಡಿ ಮುಚ್ಚುವುದು" ಅಂತಿರುತ್ತೆ. ವೀಣಾ ಹೇಳಿದ ರಸ್ತೇಲಿ ಗುಂಡಿ ಮುಚ್ಚೋದು ಕೊನೇ ಕೆಲಸ. ಅಗೆಯೋಕೆ ಅನುಮತಿ ಬೇಕು, ರಸ್ತೆ ಸರಿಪಡಿಸೋ ಶುಲ್ಕ ಕಟ್ಟಬೇಕು. ಅಗೆದ ಮೇಲೆ ಮಣ್ಣನ್ನ ಒಂದೇ ಸಲ ಸುರಿಯೋ ಹಾಗಿಲ್ಲ. ಪದರ ಪದರವಾಗಿ ತುಂಬಿ, ನೀರು ಹಾಕಿ, ದಮ್ಮಸ್ಸು ಮಾಡಬೇಕು. ಮೇಲೆ ವೆಟ್ ಮಿಕ್ಸ್ ಅಂದ್ರೆ ನೀರು ಬೆರೆಸಿದ ಜಲ್ಲಿ ಮಿಶ್ರಣ, ಅದರ ಮೇಲೆ ಡಾಂಬರು. ದಮ್ಮಸ್ಸು ಬಿಟ್ಟರೆ ಮೊದಲ ಮಳೆಗೇ ಇಳಿಯುತ್ತೆ, ಆಮೇಲೆ ಎಷ್ಟು ಸಲ ಜಲ್ಲಿ ಸುರಿದರೂ ಅಷ್ಟೆ. ರಸ್ತೆ ಎತ್ತರ ಆಗಿದ್ದೂ ಹೀಗೇ. ಮಿಲ್ಲಿಂಗ್ ಮಾಡಿ ಹಳೇ ಪದರ ತೆಗೆಯದಿದ್ರೆ ಪ್ರತಿ ಸಲ ಮನೆಗಳು ಗುಂಡಿಗೆ ಇಳೀತಾ ಹೋಗ್ತವೆ. ನೀರು ಮೋರಿಗೆ ಹರಿಯದೆ ಡಾಂಬರಿನ ಮೇಲೆ ನಿಂತರೆ ಡಾಂಬರು ಜಲ್ಲಿ ಬಿಟ್ಟು ಏಳುತ್ತೆ. ಬಾಸ್ಟನ್ ಆದ್ರೂ ಭದ್ರಾವತಿ ಆದ್ರೂ ಇದೇ.

ದೀಪ್ತಿ: ಇದೆಲ್ಲ ಗೊತ್ತಿರೋ ಎಂಜಿನಿಯರುಗಳು, ಆದ ಕೆಲಸದ ಅಳತೆ ಬರೆದಿಡೋ ಅಳತೆ ಪುಸ್ತಕಕ್ಕೆ ಸಹಿ ಹಾಕಿದ್ಮೇಲೇ ತಾನೇ ಬಿಲ್ ಪಾಸಾಗೋದು ಅಪ್ಪಾ?

ನಾಗರಾಜ ಚಿಕ್ಕಪ್ಪ: ಹೌದು. ಅದಕ್ಕೇ ಸಹಿ ಹಾಕಿದೋರನ್ನ ಹಿಡೀಬೇಕು. 311 ಇದ್ರೂ ಆ ಸಹಿ ಯಾರದ್ದು ಅಂತ ಹೇಳಲ್ಲ.

ಸುಹಾಸ: ಆದ್ರೆ 311 ಇದ್ರೆ ದೂರಿಗೆ ಒಂದು ನಂಬರ್ ಸಿಗುತ್ತೆ. ಏನಾಯ್ತು ಅಂತ ಗೊತ್ತಾಗುತ್ತೆ. ಅದನ್ನ ನೀವು ಒಪ್ಪಲೇಬೇಕು.

ನಾಗರಾಜ ಚಿಕ್ಕಪ್ಪ: ಅಷ್ಟರ ಮಟ್ಟಿಗೆ ಒಪ್ಪಿದೆ.

ಪ್ರದೀಪ: ಸ್ಕ್ರೀನ್‌ಶಾಟ್ ತಗೊಂಡೆ 😂

ವೀಣಾ: ನೀವು ಆಮೇಲೆ ನಗಿ. ಮಾವ, ನಾನೀಗ ಏನು ಮಾಡ್ಲಿ?

ನಾಗರಾಜ ಚಿಕ್ಕಪ್ಪ: ಗುಂಡಿ ಮುಚ್ಚಿ ಅಂತ ಬರೀಬೇಡ, ಒಂದು ಬುಟ್ಟಿ ಜಲ್ಲಿ ಸುರಿದು "ಪರಿಹರಿಸಲಾಗಿದೆ" ಅಂತ ಮುಗಿಸ್ತಾರೆ. ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕು, 10 ರೂಪಾಯಿ. ಕಾಮಗಾರಿ ಮುಗಿದ ದಿನ ಯಾವುದು, ಗುತ್ತಿಗೆದಾರರ ದೋಷ ಹೊಣೆಗಾರಿಕೆ ಅವಧಿ ಯಾವತ್ತಿನವರೆಗೆ, ಅಳತೆ ಪುಸ್ತಕದ ಪ್ರತಿ, ಅಗೆಯೋಕೆ ಕೊಟ್ಟ ಅನುಮತಿಯ ಪ್ರತಿ. ಅವಧಿ ಇನ್ನೂ ಇದ್ರೆ ಡಾಂಬರಿನ ದೋಷ ಗುತ್ತಿಗೆದಾರನೇ ತನ್ನ ಖರ್ಚಲ್ಲಿ ಸರಿಮಾಡಬೇಕು. ಅಗೆತಕ್ಕೆ ಅನುಮತಿನೇ ಇಲ್ಲದಿದ್ರೆ ಕೇಬಲ್‌ನೋರ ಕಥೆ ಬೇರೆ. ನೆನಪಿರಲಿ, ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯ, 150 ಪದ ಮೀರೋ ಹಾಗಿಲ್ಲ. ರಸ್ತೇದು ಒಂದು, ಅಗೆತದ್ದು ಇನ್ನೊಂದು ಹಾಕಿಬಿಡು. ಬರೆದು ಕಳಿಸ್ತೀನಿ.

ದೀಪ್ತಿ: ಅಪ್ಪನಿಗೆ 150 ಪದ ಪೀಠಿಕೆಗೇ ಸಾಲಲ್ಲ. ಅತ್ತಿಗೆ, ನಾನು ಬರೀತೀನಿ.

ಸರೋಜತ್ತೆ: ಆ ಹುಡುಗಿಗೆ ಪೆಟ್ಟು ಜಾಸ್ತಿ ಆಯ್ತಾ ವೀಣಾ?

ವೀಣಾ: ಮೊಣಕೈ ತರಚಿದೆ ಅಷ್ಟೆ ಅತ್ತೆ. ಅವರಪ್ಪನೂ ಸಹಿ ಹಾಕ್ತಾರಂತೆ.

ನಾಗರಾಜ ಚಿಕ್ಕಪ್ಪ: ಒಳ್ಳೇದು. ಇವತ್ತೇ ಫೋಟೋ ತೆಗೀರಿ. ಟೇಪ್ ಇಟ್ಟು, ಆಳ ಅಗಲ ಕಾಣೋ ಹಾಗೆ. ಪಕ್ಕದ ಮನೆ ನಂಬರೂ ಬೀಳಲಿ.

ಪ್ರದೀಪ: ಮಳೆ ನಿಲ್ಲಲಿ ಚಿಕ್ಕಪ್ಪ.

ವೀಣಾ: ಕೊಡೆ ಬಾಗಿಲ ಹಿಂದೆ ಇದೆ.