ಎಕ್ಸ್‌ರೇ ಸರಿ ಇದೆ, ಆದ್ರೂ ಎಂಆರ್‌ಐ ಬೇಕಾ?

ಪ್ರಶ್ನೆ: ನಮ್ಮ ಡ್ಯಾಶ್‌ಹಂಡ್ ನಾಯಿ ಚಿನ್ನುಗೆ 5 ವರ್ಷ. ನಿನ್ನೆಯಿಂದ ಬೆನ್ನು ಗೂನು ಮಾಡಿಕೊಂಡು ನಿಲ್ಲುತ್ತಾಳೆ. ನಡೆಯುವಾಗ ಹಿಂದಿನ ಕಾಲಿನ ಉಗುರು ನೆಲಕ್ಕೆ ಕೆರೆದು ಸದ್ದು ಬರುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಸರಿ ಇದೆಯಂತೆ. ಆದರೂ ಡಾಕ್ಟರು ಎಂಆರ್‌ಐ ಮಾಡಿಸಿ ಅಂತಾರೆ. ಸುಮ್ನೆ ಅರಿವಳಿಕೆ ಯಾಕೆ ಕೊಡಿಸೋದು ಅಂತ ಭಯ.

ಉತ್ತರ: ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ಡಿಸ್ಕ್ (ಬೆನ್ನಿನ ಮೂಳೆಗಳ ನಡುವಿನ ಮೆತ್ತೆ) ಜಾರಿ ಬೆನ್ನುಹುರಿಯನ್ನು ಒತ್ತುತ್ತಿದ್ದರೆ ಅದು ಕಾಣುವುದಿಲ್ಲ. ಹೆಚ್ಚೆಂದರೆ ಎರಡು ಮೂಳೆಗಳ ನಡುವಿನ ಜಾಗ ಕಿರಿದಾಗಿರುವುದು ಗೊತ್ತಾಗಬಹುದು.

ಉತ್ತರ: ನಮ್ಮ ನಾಯಿಗೆ ಸಿಟಿ ಸ್ಕ್ಯಾನ್ ಮಾಡಿದ್ದರು. ಡ್ಯಾಶ್‌ಹಂಡ್‌ಗಳ ಡಿಸ್ಕ್ ಒಳಗಿನ ಮೆತ್ತನೆ ಭಾಗದಲ್ಲಿ ಚಿಕ್ಕ ವಯಸ್ಸಿಗೇ ಸುಣ್ಣದ ಅಂಶ ಕೂಡುತ್ತದೆ. ಹಾಗಾಗಿ ಹೊರಬಂದ ಚೂರು ಬೆಳ್ಳಗೆ ಕಂಡಿತು, ಕೊನೆಯ ಪಕ್ಕೆಲುಬಿನ ಹತ್ತಿರ. ಅವಕ್ಕೆ ಜಾಸ್ತಿ ಜಾರೋದು ಆ ಭಾಗದಲ್ಲೇ. ಸಿಟಿ ಬೇಗ ಮುಗಿಯುತ್ತದೆ. ಆದರೆ ಬೆನ್ನುಹುರಿ ಊದಿದೆಯಾ, ಎಷ್ಟು ಪೆಟ್ಟಾಗಿದೆ ಅನ್ನೋದು ಎಂಆರ್‌ಐಯಲ್ಲೇ ಚೆನ್ನಾಗಿ ಕಾಣುವುದು. ಅರಿವಳಿಕೆ ಇಲ್ಲದೆ ಚಿನ್ನು ಅಷ್ಟು ಹೊತ್ತು ಅಲುಗಾಡದೆ ಮಲಗುತ್ತಾಳಾ, ಹೇಳಿ?

ಉತ್ತರ: ಡಾಕ್ಟರನ್ನು ಒಂದೇ ಮಾತು ಕೇಳಿ: ಆಪರೇಷನ್ ಯೋಚನೆ ಇದೆಯಾ? ಬರೀ ನೋವಿದ್ದು ಸರಿಯಾಗಿ ನಡೆಯುವ ನಾಯಿಗೆ ಎಷ್ಟೋ ಸಲ ಸ್ಕ್ಯಾನ್ ಇಲ್ಲದೆ, ಕೆಲವು ವಾರ ಪಂಜರದಲ್ಲಿಟ್ಟು ಮಾತ್ರೆ ಕೊಟ್ಟು ನೋಡುತ್ತಾರೆ. ಚಿನ್ನು ಕಾಲು ಎಳೆಯುತ್ತಿದ್ದಾಳೆ, ಅದು ಬೇರೆ ಅಲ್ವಾ? ಎದ್ದು ನಿಲ್ಲೋಕಾಗದಿದ್ದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಎತ್ತುವಾಗ ಎದೆಗೂ ಸೊಂಟಕ್ಕೂ ಕೈ ಆಸರೆ ಇರಲಿ.

ಪ್ರಶ್ನೆ ಕೇಳಿದವರು: ನಾಳೆಗೆ ಎಂಆರ್‌ಐ ಗೊತ್ತು ಮಾಡಿದೆ. ರಾತ್ರಿ ಊಟ ಎಷ್ಟೊತ್ತಿಗೆ ನಿಲ್ಲಿಸಬೇಕು ಅಂತ ಈಗಲೇ ಫೋನ್ ಮಾಡಿ ಕೇಳುತ್ತೇನೆ.