ಮಗಳಿಗೆ ಆಟದ ಮಣೆ ಮಾಡಿಕೊಡುತ್ತ ಸಿಎನ್‌ಸಿ ಕಲಿಯುವುದು: ಎಲ್ಲಿಂದ ಆರಂಭಿಸಲಿ?

ಪ್ರಶ್ನೆ (ತುಮಕೂರಿನ ತಂದೆ)

ನಾನು ಲೆಕ್ಕಪತ್ರ ಬರೆಯುವವನು, ಯಂತ್ರಗಳ ಒಡನಾಟವಿಲ್ಲ. ಕಳೆದ ತಿಂಗಳು 3018 ಎಂದು ಕರೆಯುವ, ಕಂಪ್ಯೂಟರ್ ಆಜ್ಞೆಯಂತೆ ಮರ ಕೊರೆಯುವ ಪುಟ್ಟ ಸಿಎನ್‌ಸಿ ರೌಟರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಹೆಸರೇ ಹೇಳುವಂತೆ ಅದು 300 ಮಿ.ಮೀ. ಉದ್ದ, 180 ಮಿ.ಮೀ. ಅಗಲದ ಜಾಗದಲ್ಲಿ ಕೆಲಸ ಮಾಡುತ್ತದೆ. ಒಳಗಿರುವುದು ಗ್ರಬಲ್ ಎಂಬ ಉಚಿತ ತಂತ್ರಾಂಶ. ಎಂಟು ವರ್ಷದ ಮಗಳಿಗೆ ಆಟದ ಸಾಮಾನು ಮಾಡಿಕೊಡುತ್ತ ಕಲಿಯೋಣ, ಅವಳೂ ಪಕ್ಕದಲ್ಲಿದ್ದು ನೋಡಲಿ ಎಂಬ ಆಸೆ ನನ್ನದು. 6 ಮಿ.ಮೀ. ಪ್ಲೈವುಡ್‌ನಲ್ಲಿ ಕನ್ನಡ ಅಕ್ಷರಗಳನ್ನು ಕತ್ತರಿಸಲು ಹೊರಟೆ. ಎರಡೇ ಸುತ್ತಿನಲ್ಲಿ ಮುಗಿಯಲೆಂದು ಒಂದೊಂದು ಸುತ್ತಿಗೆ 3 ಮಿ.ಮೀ. ಆಳ ಕೊಟ್ಟೆ. 'ಅ' ಅರ್ಧಕ್ಕೆ ಬರುವಷ್ಟರಲ್ಲಿ ಬಿಟ್ (ತಿರುಗುತ್ತ ಕೊರೆಯುವ ಅಲಗು) ಮುರಿಯಿತು, 'ಆ' ಆರಂಭವಾಗುವ ಮೊದಲೇ ಇನ್ನೊಂದು ಹೋಯಿತು. ಯಾವ ವಸ್ತುವಿನಿಂದ ಆರಂಭಿಸಿದರೆ ಮಗುವಿಗೂ ಉಪಯೋಗವಾಗಿ ನನಗೂ ಬುಡದಿಂದ ವಿದ್ಯೆ ಬಂದೀತು ಎಂಬುದನ್ನು ಬಲ್ಲವರು ತಿಳಿಸಬೇಕು.

ಉತ್ತರ 1 (ಪೀಣ್ಯದಲ್ಲಿ ವಿಎಂಸಿ ಎಂಬ ದೊಡ್ಡ ಸಿಎನ್‌ಸಿ ಯಂತ್ರದ ಆಪರೇಟರ್)

ಬಿಟ್ ಮುರಿದದ್ದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಶಾಪ್‌ನ ಯಂತ್ರಗಳು ಟನ್ನುಗಟ್ಟಲೆ ತೂಗುತ್ತವೆ. ನಿಮ್ಮದನ್ನು ಒಂದೇ ಕೈಯಲ್ಲಿ ಎತ್ತಬಹುದು, ಆದ್ದರಿಂದ ಮರ ತಳ್ಳಿದರೆ ಅದರ ಚೌಕಟ್ಟೇ ಬಾಗುತ್ತದೆ. 3.175 ಮಿ.ಮೀ. ಬಿಟ್‌ಗೆ ಒಂದು ಸುತ್ತಿನಲ್ಲಿ 1 ಮಿ.ಮೀ.ಗಿಂತ ಹೆಚ್ಚು ಆಳ ಕೊಡಬೇಡಿ. ಫೀಡ್, ಅಂದರೆ ಬಿಟ್ ಮರದಲ್ಲಿ ಸಾಗುವ ವೇಗ, ಎಷ್ಟಿರಬೇಕೆಂಬ ಲೆಕ್ಕ ನಿಮ್ಮಂಥವರಿಗೆ ಸುಲಭ: ಬಿಟ್ಟನ್ನು ತಿರುಗಿಸುವ ಸ್ಪಿಂಡಲ್ ನಿಮಿಷಕ್ಕೆ 10,000 ಸುತ್ತು ತಿರುಗುತ್ತಿದ್ದು, ಬಿಟ್‌ಗೆ ಎರಡು ಅಂಚುಗಳಿದ್ದು, ಪ್ರತಿ ಅಂಚೂ 0.02 ಮಿ.ಮೀ. ದಪ್ಪದ ಸಿಪ್ಪೆ ತೆಗೆಯಬೇಕೆಂದರೆ ಮೂರನ್ನೂ ಗುಣಿಸಿ, ನಿಮಿಷಕ್ಕೆ 400 ಮಿ.ಮೀ. ಬರುತ್ತದೆ. ಹಾಗೆಂದು ಹೆದರಿ ತೀರಾ ನಿಧಾನ ಮಾಡುವುದೂ ತಪ್ಪು. ಆಗ ಅಂಚು ಮರವನ್ನು ಕೊರೆಯದೆ ಉಜ್ಜತೊಡಗುತ್ತದೆ, ಸಿಪ್ಪೆಯ ಬದಲು ಹಿಟ್ಟಿನಂಥ ಪುಡಿ ಉದುರುತ್ತದೆ, ಬಿಟ್ ಕಾದು ಮೊಂಡಾಗುತ್ತದೆ.

ಅಕ್ಷರಗಳನ್ನು ಸದ್ಯಕ್ಕೆ ಬದಿಗಿಡಿ. ನಮ್ಮ ಲಿಪಿಯಲ್ಲಿ ನೇರ ಗೆರೆಯೆಂಬುದು ಹುಡುಕಿದರೂ ಸಿಗದು, ಕಲಿಯುವವನಿಗೆ ಅದು ಕೊನೆಯ ಪಾಠ. ಚೌಕಾಬಾರದ ಮಣೆಯಿಂದ ಆರಂಭಿಸಿ. ಐದಕ್ಕೆ ಐದು ಮನೆ, ಒಂದೊಂದು ಮನೆ 30 ಮಿ.ಮೀ. ಎಂದರೆ ಒಟ್ಟು 150 ಮಿ.ಮೀ. ಆಗಿ ನಿಮ್ಮ ಯಂತ್ರದಲ್ಲಿ ಆರಾಮವಾಗಿ ಕೂರುತ್ತದೆ. ಅಡ್ಡ ಆರು, ಉದ್ದ ಆರು ಗೆರೆ, ಜೊತೆಗೆ ನಾಲ್ಕು ಬದಿಯ ನಡುಮನೆಗಳಲ್ಲೂ ಮಧ್ಯದ ಮನೆಯಲ್ಲೂ ಎರಡೆರಡು ಓರೆಗೆರೆ. ಹೀಗೆ 22 ಗೆರೆಗಳಲ್ಲಿ ಕೆಲಸ ಮುಗಿಯಿತು. ಇದನ್ನು ಯಾವ ಡಿಸೈನ್ ತಂತ್ರಾಂಶದ ನೆರವೂ ಇಲ್ಲದೆ ಕೈಯಲ್ಲೇ ಬರೆಯಿರಿ. ಮೊದಲ ಗೆರೆ ಹೀಗಿರುತ್ತದೆ (ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು):

ಜಿ21 ಜಿ90
ಜಿ0 ಝಡ್5
ಎಂ3 ಎಸ್1000
ಜಿ0 ಎಕ್ಸ್0 ವೈ0
ಜಿ1 ಝಡ್-0.5 ಎಫ್100
ಜಿ1 ಎಕ್ಸ್150 ಎಫ್400
ಜಿ0 ಝಡ್5

ಅಳತೆ ಮಿಲಿಮೀಟರಿನಲ್ಲಿ, ಲೆಕ್ಕ ಮೂಲಬಿಂದುವಿನಿಂದ ಎಂದು ಮೊದಲ ಸಾಲು ಹೇಳುತ್ತದೆ. ಎರಡನೆಯದು ಟೂಲನ್ನು (ಬಿಟ್ಟನ್ನು) ಮೇಲೆತ್ತುತ್ತದೆ, ಮೂರನೆಯದು ಸ್ಪಿಂಡಲ್ ತಿರುಗಿಸುತ್ತದೆ, ನಾಲ್ಕನೆಯದು ಗೆರೆಯ ಆರಂಭಕ್ಕೆ ಒಯ್ಯುತ್ತದೆ, ಐದನೆಯದು ಅರ್ಧ ಮಿಲಿಮೀಟರ್ ಇಳಿಸುತ್ತದೆ, ಆರನೆಯದು ಗೆರೆ ಎಳೆಯುತ್ತದೆ, ಕೊನೆಯದು ಮತ್ತೆ ಮೇಲೆತ್ತುತ್ತದೆ. ಎಸ್ ಮುಂದಿನ ಅಂಕಿಗೆ ಎಷ್ಟು ವೇಗ ಎಂಬುದು ಗ್ರಬಲ್‌ನ 30ನೇ ಸೆಟ್ಟಿಂಗ್‌ನಲ್ಲಿ ಬರೆದ ಗರಿಷ್ಠವನ್ನು ಅವಲಂಬಿಸಿರುವುದರಿಂದ ಅದನ್ನೊಮ್ಮೆ ನೋಡಿಕೊಳ್ಳಿ. ಬರೆದಾದ ಮೇಲೆ ಝಡ್ (ಎತ್ತರದ) ಶೂನ್ಯವನ್ನು ಮರದಿಂದ 10 ಮಿ.ಮೀ. ಮೇಲಿಟ್ಟು ಗಾಳಿಯಲ್ಲೇ ಒಮ್ಮೆ ಓಡಿಸಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಇದೇ ಮೇಲೆತ್ತುವ ಸಾಲಿನಲ್ಲಿ 5ರ ಹಿಂದೆ ಒಂದು ಮೈನಸ್ ಸೇರಿಸಿ, ಟೂಲನ್ನು ಪೂರ್ತಿ ವೇಗದಲ್ಲಿ ಜಾಬ್‌ನ (ಕೊರೆಯಬೇಕಿದ್ದ ತುಂಡಿನ) ಒಳಕ್ಕೆ ಇಳಿಸಿದ್ದೆ. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಉತ್ತರ 2 (ಪ್ರೌಢಶಾಲಾ ಶಿಕ್ಷಕಿ, ಹಾಸನ)

ಮೇಲಿನವರ ಅನುಭವಕ್ಕೆ ಗೌರವವಿಟ್ಟೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಅಪ್ಪ ಕೈಯಲ್ಲಿ ಕೋಡ್ ಬರೆಯುವುದು ಅಪ್ಪನಿಗೆ ಒಳ್ಳೆಯದು. ಮಗುವಿಗೆ ಅದರಲ್ಲಿ ಮಾಡಲು ಏನೂ ಉಳಿಯುವುದಿಲ್ಲ. ನಮ್ಮ ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬ್‌ನಲ್ಲಿ ಮಕ್ಕಳು ಬಿಡಿಸಿದ ಚಿತ್ರವನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಗೆರೆಗಳಾಗಿ ಬದಲಿಸಿ, ಅಲ್ಲಿಂದ ಜಿ-ಕೋಡ್ (ಮೇಲೆ ಬರೆದಂಥ ಆಜ್ಞೆಗಳನ್ನು) ಪಡೆದು ಕೊರೆಯುತ್ತೇವೆ. ತಾನು ಬಿಡಿಸಿದ ಓರೆಕೋರೆ ಬೆಕ್ಕೇ ಮರದ ಮೇಲೆ ಮೂಡುವುದನ್ನು ಕಂಡ ಹುಡುಗಿಯನ್ನು ಮರುದಿನ ಯಾರೂ ಕರೆಯಬೇಕಾಗಿರಲಿಲ್ಲ. ಚೌಕಾಬಾರವನ್ನೇ ಮಾಡುವುದಾದರೆ, ಓರೆಗೆರೆಗಳ ಬದಲು ಆ ಐದು ಮನೆಗಳಲ್ಲಿ ಮಗಳ ಚಿತ್ರಗಳು ಬರಲಿ.

ಸುರಕ್ಷತೆಯ ಮಾತನ್ನು ಯಾರೂ ಎತ್ತಿಲ್ಲ. ಸ್ಪಿಂಡಲ್ ತಿರುಗುತ್ತಿರುವಾಗ ಮಗುವಿನ ಕೈ ಮೇಜಿನ ಹತ್ತಿರ ಹೋಗಕೂಡದು. ಜಡೆ ಕಟ್ಟಿರಬೇಕು, ಇಬ್ಬರಿಗೂ ಕನ್ನಡಕ ಇರಬೇಕು. ಅಗ್ಗವಾಗಿ ಸಿಗುತ್ತದೆಂದು ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ) ಹಲಗೆ ತರಬೇಡಿ; ಅದರ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ, ನವಿರಾದ ಪುಡಿ ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತದೆ. ತುರ್ತು ನಿಲುಗಡೆಯ ಕೆಂಪು ಗುಂಡಿಯನ್ನು ಯಂತ್ರದಿಂದ ದೂರಕ್ಕೆ ಎಳೆದು ಅದರ ಜವಾಬ್ದಾರಿಯನ್ನು ಮಗುವಿಗೇ ಕೊಡಿ. ಸಪ್ಪೆ ಕೆಲಸವೆನಿಸಬಹುದು, ಆದರೆ ಎಂಟು ವರ್ಷದವರು ಅದನ್ನು ದೊಡ್ಡವರಿಗಿಂತ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಉತ್ತರ 3 (ಶಿರಸಿಯ ಹವ್ಯಾಸಿ ಮರಗೆಲಸದವನು)

ಚೌಕಾಬಾರ ಮುಗಿದ ಮೇಲೆ ಅಳಗುಳಿಮಣೆಗೆ ಕೈ ಹಾಕಿ. ಅಲ್ಲಿ ಆಳವೆಂಬುದು ಮೊದಲ ಸಲ ಎದುರಾಗುತ್ತದೆ. ನನ್ನ ಮೊದಲ ಮಣೆಯಲ್ಲಿ ಗುಳಿಗಳನ್ನು ಚಪ್ಪಟೆ ತಳದ ಬಟ್ಟಲಿನಂತೆ ಕೊರೆದಿದ್ದೆ. ನೋಡಲು ಚೆಂದವಿತ್ತು, ಆಡಲು ಬಾರದು: ಹುಣಸೆಬೀಜಗಳು ಮೂಲೆಯಲ್ಲಿ ಸಿಕ್ಕಿಕೊಂಡು, ಮಕ್ಕಳು ಉಗುರಿನಿಂದ ಒಂದೊಂದನ್ನೇ ಕೆದಕಬೇಕಾಯಿತು. ಬೆರಳು ತಳದಿಂದ ಜಾರಿ ಬೀಜಗಳನ್ನೆಲ್ಲ ಒಟ್ಟಿಗೆ ಬಾಚಿಕೊಳ್ಳುವಂತೆ ಗುಳಿ ದುಂಡಗಿರಲೇಬೇಕು. ಹಾಗಾಗಿ ಎರಡನೆಯ ಮಣೆಗೆ ತುದಿ ದುಂಡಗಿರುವ ಬಾಲ್ ನೋಸ್ ಬಿಟ್ ಹಾಕಿ, ಒಂದೊಂದು ಮಿಲಿಮೀಟರ್ ಇಳಿದಂತೆಲ್ಲ ವೃತ್ತವನ್ನು ಕಿರಿದು ಮಾಡುತ್ತ ಹೋದೆ. ಉಳಿದ ಮೆಟ್ಟಿಲುಗಳನ್ನು ಮರಳು ಕಾಗದದಿಂದ ಉಜ್ಜಿದ್ದು ಮಕ್ಕಳೇ.

ಅಳತೆ ಹೀಗಿದೆ: ಗುಳಿಯ ವ್ಯಾಸ 34 ಮಿ.ಮೀ., ಆಳ 12, ನಡುವಿನ ಗೋಡೆ 6. ಏಳು ಗುಳಿಗಳ ಸಾಲು 274 ಮಿ.ಮೀ. ಆಗುತ್ತದೆ, ಯಂತ್ರದ ಮಿತಿಯೊಳಗೇ ಇದೆ. ಹಲಗೆಯ ಹೊರ ಅಂಚನ್ನು ಮಾತ್ರ ಕೈಗರಗಸದಲ್ಲಿ ಕತ್ತರಿಸಿಕೊಳ್ಳಬೇಕು. ದೊಡ್ಡ ಯಂತ್ರಗಳಲ್ಲಿ ಒಂದು ಗುಳಿಯನ್ನು ಉಪಪ್ರೋಗ್ರಾಮ್ ಆಗಿ ಬರೆದು ಎಂ98ರಿಂದ ಹದಿನಾಲ್ಕು ಸಲ ಕರೆಯಬಹುದು, ಆದರೆ ಗ್ರಬಲ್‌ಗೆ ಆ ಆಜ್ಞೆ ತಿಳಿಯದು. ನಾನು ಗುಳಿಯ ನಡುವನ್ನೇ ಶೂನ್ಯವೆಂದು ಇಟ್ಟು ಒಂದೇ ಒಂದು ಗುಳಿಯ ಕಡತ ಬರೆದೆ. ಅದು ಮುಗಿದೊಡನೆ ಟೂಲನ್ನು 40 ಮಿ.ಮೀ. ಸರಿಸಿ, ಅಲ್ಲಿ ಎಕ್ಸ್ ಶೂನ್ಯವನ್ನು ಹೊಸದಾಗಿ ಕೊಟ್ಟು, ಅದೇ ಕಡತವನ್ನು ಮತ್ತೆ ಓಡಿಸಿದೆ. ಹಲಸಿನ ಹಲಗೆಯಲ್ಲಿ ಗುಳಿಗೆ ಸುಮಾರು 12 ನಿಮಿಷ ಹಿಡಿದು ಒಟ್ಟು ಮೂರು ಗಂಟೆಯ ಹತ್ತಿರ ಬಂತು. ವರ್ಕ್ ಆಫ್‌ಸೆಟ್ (ಕೆಲಸದ ಶೂನ್ಯಬಿಂದುವನ್ನು ಬೇಕಾದಲ್ಲಿಗೆ ಸರಿಸುವುದು) ಎಂದರೇನೆಂದು ನನಗೆ ಅರ್ಥವಾದದ್ದು ಹೀಗೆ ಮತ್ತೆ ಮತ್ತೆ ಸರಿಸುವಾಗಲೇ.

ಒಂದು ಮಾತು, ಬುಗುರಿ ಮಾಡಿಕೊಡು ಎಂದು ಮಗಳು ಕೇಳಿದರೆ ಒಪ್ಪಿಕೊಳ್ಳಬೇಡಿ. ಅಲ್ಲಿ ಮರ ತಿರುಗಬೇಕು, ಉಳಿ ನಿಲ್ಲಬೇಕು. ಚನ್ನಪಟ್ಟಣದವರು ಆಲೆಮರವನ್ನು ಕಡೆದು ಅರಗು ಬಳಿಯುವುದು ಹಾಗೆ. ಈ ರೌಟರಿನ ಜಾಯಮಾನವೇ ಬೇರೆ.

ಪ್ರಶ್ನೆ ಕೇಳಿದವರು, ಎರಡು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. 22 ಗೆರೆಗಳನ್ನು ಕೈಯಲ್ಲೇ ಬರೆದೆ. ಮಗಳು ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಸಾಲನ್ನು ಪೆನ್ಸಿಲಿನಿಂದ ಎಳೆದು ಪರೀಕ್ಷಿಸಿದಳು, ಒಂದು ಓರೆಗೆರೆ ಪಕ್ಕದ ಮನೆಗೆ ನುಗ್ಗುವುದನ್ನು ಹಿಡಿದವಳೂ ಅವಳೇ. ಬಿಟ್ ಮುರಿಯಲಿಲ್ಲ. ಆದರೆ 60 ಡಿಗ್ರಿಯ, ಚೂಪು ತುದಿಯ ವಿ-ಬಿಟ್ ಬಳಸಿದ್ದೆ, ಎಡಗಡೆಯ ಗೆರೆಗಳು ದಪ್ಪವಾಗಿ ಬಂದವು, ಬಲಕ್ಕೆ ಹೋದಂತೆ ಕೂದಲೆಳೆಯಷ್ಟಾದವು. ಕೋಡ್‌ನಲ್ಲಿ ಆಳ ಎಲ್ಲ ಕಡೆ ಒಂದೇ ಇದೆ. ಎಲ್ಲಿ ತಪ್ಪಿದೆ?

ಉತ್ತರ 4 (ಪೀಣ್ಯದ ವಿಎಂಸಿ ಆಪರೇಟರ್)

ಕೋಡ್ ಸರಿಯಿದೆ, ಹಲಗೆ ಸಮತಟ್ಟಾಗಿಲ್ಲ. 60 ಡಿಗ್ರಿಯ ಬಿಟ್ 0.5 ಮಿ.ಮೀ. ಇಳಿದರೆ ಗೆರೆ 0.58 ಮಿ.ಮೀ. ಅಗಲ ಬರುತ್ತದೆ, ಬಲಗಡೆ ಹಲಗೆ ಬರೀ 0.3 ಮಿ.ಮೀ. ತಗ್ಗಿದ್ದರೂ ಅಲ್ಲಿ ಬಿಟ್ ಇಳಿಯುವುದು 0.2, ಅಗಲ 0.23ಕ್ಕೆ ಕುಸಿಯುತ್ತದೆ. ಸ್ಪಿಂಡಲ್ ನಿಲ್ಲಿಸಿ, ನಾಲ್ಕು ಮೂಲೆಗಳಲ್ಲೂ ಬಿಟ್ ಕೆಳಗೆ ಒಂದು ಕಾಗದದ ಚೂರಿಟ್ಟು, ಅದು ಸಿಕ್ಕಿಕೊಳ್ಳುವ ಝಡ್ ಅಂಕಿಯನ್ನು ಬರೆದುಕೊಳ್ಳಿ. ಹಲಗೆ ತೆಗೆದು ಮೇಜಿನ ಮೇಲೂ ಅದನ್ನೇ ಮಾಡಿ. ಎರಡರಲ್ಲೂ ಅದೇ ವ್ಯತ್ಯಾಸ ಬಂದರೆ ದೋಷ ಮೇಜಿನದು. ಅದರ ಮೇಲೆ ಒಂದು ಬಲಿ ಹಲಗೆಯನ್ನು (ಕೊರೆದು ಹಾಳಾದರೂ ಸರಿ ಎಂಬ ಹಲಗೆ) ಸ್ಕ್ರೂ ಹಾಕಿ ಕೂರಿಸಿ, ಚಪ್ಪಟೆ ಬಿಟ್‌ನಿಂದ ಇಡೀ ಮೇಲ್ಮೈಯನ್ನು ಒಂದು ಸಲ ಹೆರೆದುಬಿಡಿ. ಅಳಗುಳಿಮಣೆಗೆ ಕೈ ಹಾಕುವ ಮೊದಲೇ ಇದು ಮುಗಿಯಲಿ, ಮತ್ತು ಆ ನಾಲ್ಕು ಅಂಕಿಗಳನ್ನು ಇಲ್ಲಿ ಹಾಕಿ, ನೋಡೋಣ.